ಒಂದೇ ಸಂದರ್ಶನ, ಎರಡು ಓದು: ಸೈಕಾಲಜಿ ಸಂಶೋಧನೆಯಲ್ಲಿ ಗುಣಾತ್ಮಕ ವಿಧಾನಗಳನ್ನು ಜೋಡಿಸುವುದು ಹೇಗೆ

ಪ್ರಬಂಧಗಳ ಸಾರಾಂಶದಲ್ಲಿ ಒಂದು ಸಾಲು ಆಗಾಗ ಕಾಣುತ್ತದೆ: "ಥೀಮ್ಯಾಟಿಕ್ ಅನಾಲಿಸಿಸ್, ಐಪಿಎ ಮತ್ತು ಕಥನ ವಿಶ್ಲೇಷಣೆಯನ್ನು ಬಳಸಲಾಗಿದೆ." ಥೀಮ್ಯಾಟಿಕ್ ಅನಾಲಿಸಿಸ್ (ಮುಂದೆ ಥೀಮ್ ವಿಶ್ಲೇಷಣೆ ಅನ್ನುತ್ತೇನೆ) ಅಂದರೆ ಹಲವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಅರ್ಥಗಳನ್ನು, ಅಂದರೆ ಥೀಮುಗಳನ್ನು ಹುಡುಕುವುದು. ಐಪಿಎ ಅಂದರೆ ಇಂಟರ್‌ಪ್ರಿಟೇಟಿವ್ ಫಿನಾಮಿನಲಾಜಿಕಲ್ ಅನಾಲಿಸಿಸ್, ಒಬ್ಬೊಬ್ಬರ ಅನುಭವವನ್ನು ಆಳವಾಗಿ ಓದುವುದು. ಒಳಗೆ ಹೋಗಿ ನೋಡಿದರೆ ಇರುವುದು ಐದು ಥೀಮು, ಅಷ್ಟೇ. ಉಳಿದ ಎರಡು ವಿಧಾನ ಎಲ್ಲಿ ಹೋದವು, ಅವು ಏನು ಕೆಲಸ ಮಾಡಿದವು ಅಂತ ಕೇಳಿದರೆ ಉತ್ತರ ಇಲ್ಲ. ವಿಧಾನ ಜೋಡಿಸುವುದು ತಪ್ಪಲ್ಲ, ಚೆನ್ನಾಗಿ ಮಾಡಿದರೆ ಒಂದೇ ವಿಧಾನದಿಂದ ಸಿಗದ್ದು ಸಿಗುತ್ತದೆ. ಆದರೆ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಮಾಡಿ ಮುಗಿಸಿ ಆಮೇಲೆ ಎದುರು ಬದುರು ಕೂರಿಸಬೇಕು. ಮೊದಲೇ ಕಲಸಿಬಿಟ್ಟರೆ ಯಾವುದೂ ಆಗುವುದಿಲ್ಲ.

ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ವಿಷಯ ಹಿಡಿದುಕೊಳ್ಳೋಣ. ಬಾಗಲಕೋಟೆಯ ಮುಳುಗಡೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದು ಭಾಗ ಹೋಯಿತು, ಜನ ನವನಗರದ ಸೆಕ್ಟರ್‌ಗಳಿಗೆ ಬಂದು ನೆಲೆಸಿದರು. ಹಾಗೆ ಬಂದವರ ಮನಸ್ಸಿನಲ್ಲಿ ಹಳೇ ಊರು ಏನಾಗಿ ಉಳಿದಿದೆ ಅನ್ನುವುದರ ಮೇಲೆ ನೀವು ಸಂಶೋಧನೆ ಮಾಡುತ್ತಿದ್ದೀರಿ ಅಂದುಕೊಳ್ಳಿ. ನಾನಿಲ್ಲಿ ಕೊಡುವ ಮಾತಿನ ತುಣುಕು, ಸಂದರ್ಶನಗಳ ಸಂಖ್ಯೆ, ಫಲಿತಾಂಶ ಎಲ್ಲವೂ ಉದಾಹರಣೆಗೆ ಕಟ್ಟಿದ್ದು, ಯಾರದೋ ನಿಜವಾದ ಡೇಟಾ ಅಲ್ಲ.

ಮೊದಲು: ಜೋಡಿಸುವ ಅಗತ್ಯ ಇದೆಯಾ?

ನಿಮ್ಮ ಸಂಶೋಧನಾ ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಅದರೊಳಗೆ ನಿಜಕ್ಕೂ ಎರಡು ಬೇರೆ ಜಾತಿಯ ಪ್ರಶ್ನೆ ಇವೆಯಾ ನೋಡಿ. "ಊರು ಬಿಟ್ಟವರು ಏನೇನು ಕಳೆದುಕೊಂಡೆವು ಅನ್ನುತ್ತಾರೆ?" ಇದು ಹತ್ತಾರು ಜನರ ಮಾತಿನಲ್ಲಿ ಮತ್ತೆ ಮತ್ತೆ ಬರುವುದನ್ನು ಹುಡುಕುವ ಪ್ರಶ್ನೆ, ಥೀಮ್ ವಿಶ್ಲೇಷಣೆಗೆ ಸರಿ. "ಒಬ್ಬ ಮನುಷ್ಯನಿಗೆ ತನ್ನ ಊರೇ ಇಲ್ಲದಂತಾಗುವುದು ಅಂದರೆ ಹೇಗಿರುತ್ತದೆ?" ಇದು ಅನುಭವದ ಒಳಕ್ಕೆ ಇಳಿಯುವ ಪ್ರಶ್ನೆ, ಐಪಿಎ ಬೇಕು. "ಊರು ಹೋದದ್ದಕ್ಕೆ ಯಾರು ಹೊಣೆ ಅನ್ನುವುದನ್ನು ಮಾತಿನಲ್ಲಿ ಹೇಗೆ ಕಟ್ಟುತ್ತಾರೆ?" ಇದು ಡಿಸ್ಕೋರ್ಸ್ ವಿಶ್ಲೇಷಣೆಯ ಪ್ರಶ್ನೆ. "ಆ ದಿನಗಳ ಕಥೆಯನ್ನು ಎಲ್ಲಿಂದ ಶುರು ಮಾಡಿ ಎಲ್ಲಿ ನಿಲ್ಲಿಸುತ್ತಾರೆ?" ಇದು ಕಥನ ವಿಶ್ಲೇಷಣೆ.

ಎರಡು ಪ್ರಶ್ನೆ ಇದ್ದರೆ ಎರಡು ವಿಧಾನ. ಒಂದೇ ಪ್ರಶ್ನೆ ಇದ್ದರೆ ಒಂದೇ ಸಾಕು, ಸುಮ್ನೆ ತಲೆನೋವು ಮಾಡಿಕೊಳ್ಳಬೇಡಿ. ಗೈಡ್‌ಗೆ ಖುಷಿಯಾಗಲಿ ಅಂತಲೋ ಪ್ರಬಂಧ ದಪ್ಪ ಕಾಣಲಿ ಅಂತಲೋ ಮೂರನೆಯದನ್ನು ಸೇರಿಸುವುದಂತೂ ಬೇಡವೇ ಬೇಡ. ಎಂಎ ಮಟ್ಟದಲ್ಲಿ ಎರಡೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಪಿಎಚ್‌ಡಿಯಲ್ಲೂ ಮೂರು ಅಂದರೆ ಮೂರು ಪಟ್ಟು ಓದು, ಮೂರು ಪಟ್ಟು ಟಿಪ್ಪಣಿ, ವೈವಾದಲ್ಲಿ ಮೂರು ಪಟ್ಟು ಪ್ರಶ್ನೆ.

ಜೋಡಿಸಬಹುದು ಅನ್ನುವುದಕ್ಕೆ ಮಾದರಿಗಳಿವೆ. 2011ರಲ್ಲಿ ಫ್ರೆಡ್ರಿಕ್ ವರ್ಟ್ಸ್, ಕ್ಯಾಥಿ ಚಾರ್ಮಾಜ್ ಮತ್ತು ಜೊತೆಗಾರರು ಸೇರಿ ಒಬ್ಬಳೇ ಯುವತಿಯ ಸಂದರ್ಶನವನ್ನು ಐದು ವಿಧಾನದಲ್ಲಿ ವಿಶ್ಲೇಷಿಸಿ ತೋರಿಸಿದರು. ಆಕೆ ಗಾಯಕಿ, ಥೈರಾಯ್ಡ್ ಕ್ಯಾನ್ಸರ್‌ನಿಂದ ದನಿ ಕಳೆದುಕೊಂಡವಳು. ಬ್ರಿಟನ್‌ನಲ್ಲಿ ನೊಲೇಗ್ ಫ್ರಾಸ್ಟ್ ಮತ್ತು ಸಂಗಡಿಗರು ಇದೇ ದಾರಿಯಲ್ಲಿ ಸಾಕಷ್ಟು ಕೆಲಸ ಮಾಡಿದ್ದಾರೆ, ಅದಕ್ಕೆ ಅವರು ಕೊಟ್ಟ ಹೆಸರು ಪ್ಲೂರಲಿಸಂ, ಅಂದರೆ ಒಂದೇ ಡೇಟಾವನ್ನು ಹಲವು ವಿಧಾನದಲ್ಲಿ ಓದುವುದು. ಅಲ್ಲಿನ ಡಾಕ್ಟರುಗಳ ಮಾನಸಿಕ ಒತ್ತಡದ ಬಗ್ಗೆ ಸ್ಪಿಯರ್ಸ್ ಮತ್ತು ರೈಲಿ ಮಾಡಿದ ಅಧ್ಯಯನ ನಮ್ಮಂಥವರಿಗೆ ಇನ್ನೂ ಹತ್ತಿರ: ಹರವಿಗೆ ಥೀಮ್ ವಿಶ್ಲೇಷಣೆ, ಆಳಕ್ಕೆ ಕೆಲವರ ಮೇಲೆ ಮಾತ್ರ ಐಪಿಎ.

ಜೋಡಿ ಆರಿಸುವುದು

ಪ್ರತಿ ವಿಧಾನಕ್ಕೂ ತನ್ನದೇ ನಂಬಿಕೆ ಇದೆ. ಜೋಡಿ ಕೆಡುವುದು ಸಾಮಾನ್ಯವಾಗಿ ಇಲ್ಲೇ.

ಬ್ರಾನ್ ಮತ್ತು ಕ್ಲಾರ್ಕ್ 2006ರಲ್ಲಿ ವಿವರಿಸಿದ ಥೀಮ್ ವಿಶ್ಲೇಷಣೆ ಯಾವ ಸಿದ್ಧಾಂತಕ್ಕೂ ಗಂಟು ಬಿದ್ದಿಲ್ಲ, ಹಾಗಾಗಿ ಯಾರ ಜೊತೆಗೂ ಹೊಂದಿಕೊಳ್ಳುತ್ತದೆ. ಜೊನಾಥನ್ ಸ್ಮಿತ್ 1996ರಲ್ಲಿ ಮುಂದಿಟ್ಟ ಐಪಿಎ, ಮಾತಿನ ಹಿಂದೆ ಒಂದು ಅನುಭವ ಇದೆ, ಮಾತು ನಮ್ಮನ್ನು ಅಲ್ಲಿಗೆ ಒಂದಿಷ್ಟಾದರೂ ಕರೆದೊಯ್ಯುತ್ತದೆ ಅಂತ ನಂಬುತ್ತದೆ. ಪಾಟರ್ ಮತ್ತು ವೆದರೆಲ್ 1987ರಲ್ಲಿ ಸೈಕಾಲಜಿಗೆ ತಂದ ಡಿಸ್ಕೋರ್ಸ್ ವಿಶ್ಲೇಷಣೆ ಹಾಗಲ್ಲ. ಮಾತು ಒಳಗಿನದನ್ನು ತೋರಿಸುವ ಕಿಟಕಿ ಅಲ್ಲ, ಮಾತೇ ಒಂದು ಕೆಲಸ, ಆ ಹೊತ್ತಿಗೆ ಆ ಜಾಗದಲ್ಲಿ ಅದು ಏನೋ ಸಾಧಿಸುತ್ತಿದೆ ಅನ್ನುತ್ತದೆ. ಈ ಎರಡನ್ನು ಒಂದೇ ವಾಕ್ಯದಲ್ಲಿ ಬೆರೆಸಿದರೆ ಪರೀಕ್ಷಕರು ಹಿಡಿದೇ ಹಿಡಿಯುತ್ತಾರೆ. ಬೇರೆ ಬೇರೆ ಅಧ್ಯಾಯದಲ್ಲಿ, ಬೇರೆ ಬೇರೆ ಪ್ರಶ್ನೆಗೆ ಉತ್ತರವಾಗಿ ಇಟ್ಟರೆ ಅಡ್ಡಿಯಿಲ್ಲ.

ಮೊದಲ ಸಲ ಮಾಡುವವರಿಗೆ ಥೀಮ್ ಜೊತೆ ಐಪಿಎ ಸುಲಭ. ಥೀಮ್ ಜೊತೆ ಡಿಸ್ಕೋರ್ಸ್ ಸ್ವಲ್ಪ ಕಷ್ಟ, ಆದರೆ ಮುಳುಗಡೆಯಂಥ ವಿಷಯಕ್ಕೆ ಬಹಳ ಫಲ ಕೊಡುತ್ತದೆ. ಕಥನ ಮತ್ತು ಐಪಿಎ ಚೆನ್ನಾಗಿ ಕೂಡುತ್ತವೆ, ಏಕೆಂದರೆ ಎರಡೂ ಒಬ್ಬೊಬ್ಬರನ್ನೇ ಇಡಿಯಾಗಿ ಓದುತ್ತವೆ.

ಡೇಟಾದಿಂದಲೇ ಸಿದ್ಧಾಂತ ಕಟ್ಟುವ ಗ್ರೌಂಡೆಡ್ ಥಿಯರಿಯನ್ನು ಮಾತ್ರ ಕೊನೆಗೆ ತಂದು ಅಂಟಿಸಬೇಡಿ. 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರೌಸ್ ಹೇಳಿದಂತೆ ಅದರಲ್ಲಿ ಡೇಟಾ ತರುವುದು, ವಿಶ್ಲೇಷಿಸುವುದು ಒಟ್ಟಿಗೇ ನಡೆಯುತ್ತವೆ. ಒಂದಿಷ್ಟು ವಿಶ್ಲೇಷಣೆ ಮಾಡಿ, ಅದು ಎಬ್ಬಿಸಿದ ಪ್ರಶ್ನೆ ಹಿಡಿದು ಮುಂದಿನ ಸಂದರ್ಶನಕ್ಕೆ ಯಾರು ಬೇಕು ಅಂತ ತೀರ್ಮಾನಿಸಬೇಕು. ಇಪ್ಪತ್ತು ಸಂದರ್ಶನ ಮುಗಿಸಿ ಮನೆಗೆ ಬಂದ ಮೇಲೆ "ಗ್ರೌಂಡೆಡ್ ಥಿಯರಿಯೂ ಮಾಡುತ್ತೇನೆ" ಅಂದರೆ ಆಗುವುದಿಲ್ಲ.

ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ, ಟೋಪ ತೆನಿ ಅನ್ನುವುದು ಅದಕ್ಕೇ. ನೇಯ್ದು ಮುಗಿದ ಮೇಲೆ ಹಾಕುವ ಹೊಲಿಗೆ ಅಲ್ಲ ಅದು, ಹಾಸಿನಲ್ಲೇ ಆಗಬೇಕಾದ ಕೆಲಸ. ನಿಮ್ಮ ಜೋಡಣೆಯ ಯೋಜನೆಯೂ ಸಿನಾಪ್ಸಿಸ್‌ನಲ್ಲೇ, ಅಂದರೆ ಸಂಶೋಧನೆ ಶುರುವಾಗುವ ಮೊದಲು ಬರೆದುಕೊಡುವ ರೂಪುರೇಷೆಯಲ್ಲೇ ಇರಬೇಕು.

ಡೇಟಾ ತರುವಾಗಲೇ ಎರಡಕ್ಕೂ ಜಾಗ ಬಿಡಿ

ಐಪಿಎಗೆ ಒಂದೇ ಬಗೆಯ ಅನುಭವ ಇರುವ ಸ್ವಲ್ಪ ಜನ ಸಾಕು, ವಿದ್ಯಾರ್ಥಿ ಪ್ರಬಂಧಕ್ಕೆ 3ರಿಂದ 6 ಅನ್ನುವುದು ರೂಢಿ. ಥೀಮ್ ವಿಶ್ಲೇಷಣೆಗೆ ಇನ್ನೂ ಹರವು ಬೇಕು. ಹಾಗಾದರೆ 16 ಜನರನ್ನು ಮಾತಾಡಿಸಿ, ಅದರಲ್ಲಿ 4 ಜನರನ್ನು ಐಪಿಎಗೆ ಆರಿಸಿ. ಯಾವ ನಾಲ್ಕು? ಚೆನ್ನಾಗಿ ಮಾತಾಡಿದವರು ಅಂತ ಆರಿಸಿದರೆ ಅದು ಕಾರಣವಾಗುವುದಿಲ್ಲ. "ಮದುವೆಯಾಗಿ ಹಳೇ ಊರಿಗೆ ಬಂದು, ಅಲ್ಲೇ ಸಂಸಾರ ಕಟ್ಟಿ, ಆಮೇಲೆ ನವನಗರಕ್ಕೆ ಬಂದ ಹೆಂಗಸರು" ಅಂತ ಒಂದು ನಿಯಮ ಮೊದಲೇ ಬರೆದಿಡಿ.

ಪ್ರಶ್ನೆಗಳನ್ನು ತೆರೆದಿಡಿ. "ನಿಮಗೆ ದುಃಖ ಆಯಿತಾ?" ಅನ್ನಬೇಡಿ. "ಊರು ಬಿಟ್ಟ ದಿನದ ಬಗ್ಗೆ ಹೇಳ್ರಿ" ಅಂದು ಸುಮ್ಮನಿರಿ. ಸುಮ್ಮನಿರುವುದೇ ಕಷ್ಟದ ಕೆಲಸ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಗೊತ್ತಿರಲೇಬೇಕಾದದ್ದು. ಮುಳುಗಡೆ ಪ್ರದೇಶದಲ್ಲಿ ಕೈಯಲ್ಲಿ ಫೈಲು, ಮೊಬೈಲಲ್ಲಿ ರೆಕಾರ್ಡಿಂಗ್ ಇಟ್ಟುಕೊಂಡು ಬಂದವರನ್ನು ಜನ ಪರಿಹಾರದ ಕಚೇರಿಯಿಂದ ಬಂದವರು ಅಂದುಕೊಳ್ಳುತ್ತಾರೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ, ಅದರ ಜೊತೆಗೇ ಪರಿಹಾರದ ಮಾತೂ ಇದೆ. ನೀವು ಎಷ್ಟು ತಿಳಿಸಿ ಹೇಳಿದರೂ ಆ ನೆರಳು ಮಾತಿನ ಮೇಲೆ ಬೀಳುತ್ತದೆ. ಥೀಮ್ ವಿಶ್ಲೇಷಣೆ ಮಾತ್ರ ಮಾಡಿದರೆ ಇದನ್ನು ಒಂದು ಕೊರತೆ ಅಂತ ಕೊನೆಯ ಪುಟದಲ್ಲಿ ಬರೆದು ಕೈ ತೊಳೆದುಕೊಳ್ಳುತ್ತೀರಿ. ಡಿಸ್ಕೋರ್ಸ್ ವಿಶ್ಲೇಷಣೆಗೆ ಅದೇ ಡೇಟಾ. ಆದ್ದರಿಂದ ನಿಮ್ಮ ಪ್ರಶ್ನೆಗಳನ್ನೂ ನಿಮ್ಮ "ಹೂಂ"ಗಳನ್ನೂ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉಳಿಸಿ.

ಟ್ರಾನ್ಸ್‌ಕ್ರಿಪ್ಟ್ ಬಗ್ಗೆ ಚುಟುಕಾಗಿ. ಒಂದು ತಾಸಿನ ಮಾತಿಗೆ ಸಾಮಾನ್ಯವಾಗಿ ನಾಲ್ಕಾರು ತಾಸು ಹಿಡಿಯುತ್ತದೆ, ನಿಲುಗಡೆ, ನಗು, ಒತ್ತು ಎಲ್ಲ ಗುರುತು ಹಾಕಬೇಕೆಂದರೆ ಇನ್ನೂ ಬಹಳ. ಆ ಸೂಕ್ಷ್ಮ ಗುರುತು ಡಿಸ್ಕೋರ್ಸ್‌ಗೆ ಆರಿಸಿದ ಭಾಗಕ್ಕೆ ಮಾತ್ರ ಸಾಕು. ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. "ಐತಿ" ಅಂದದ್ದನ್ನು "ಇದೆ" ಮಾಡಬೇಡಿ. ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯುವವರಾದರೂ ಕೋಡ್ ಹಾಕುವುದು, ಅಂದರೆ ಮಾತಿನ ತುಣುಕುಗಳಿಗೆ ಚಿಕ್ಕ ಹೆಸರು ಕೊಡುವುದು, ಕನ್ನಡದ ಮೇಲೇ ಆಗಲಿ, ಕೊನೆಗೆ ಉಲ್ಲೇಖಿಸುವ ತುಣುಕನ್ನು ಮಾತ್ರ ಅನುವಾದಿಸಿ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ. ಹಳೇ ಆಸ್ಕಿ ಫಾಂಟ್‌ನಲ್ಲಿ ಮಾಡಿಸಿದ್ದನ್ನು ಟ್ಯಾಗೆಟ್, ಕ್ವಾಲ್‌ಕೋಡರ್ ಅಥವಾ ಎನ್‌ವಿವೋದಂಥ ಕೋಡ್ ಹಾಕುವ ಸಾಫ್ಟ್‌ವೇರ್‌ಗೆ ಹಾಕಿದರೆ ಬರೀ ಚಿತ್ರ ವಿಚಿತ್ರ ಅಕ್ಷರ ಕಾಣುತ್ತದೆ. ಟ್ಯಾಗೆಟ್, ಕ್ವಾಲ್‌ಕೋಡರ್ ಎರಡೂ ಉಚಿತ, ವಿದ್ಯಾರ್ಥಿಗೆ ಧಾರಾಳ ಸಾಕು. ಹುಡುಕುವಾಗ "ಊರು" ಅಂತ ಹೊಡೆದರೆ "ಊರಾಗ", "ಊರಿಂದ" ಸಿಗುವುದಿಲ್ಲ. "ಊರ" ಅಂತಷ್ಟೇ ಹೊಡೆಯಿರಿ, ಎಲ್ಲ ಬರುತ್ತವೆ.

ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯುವಾಗ ಎರಡು ಸಲ ವಿಶ್ಲೇಷಿಸುತ್ತೇನೆ ಅಂತ ಹೇಳಿಯೇ ಪಡೆಯಿರಿ. ಹೆಸರು ಬದಲಿಸಿದರೆ ಸಾಲದು. ಸೆಕ್ಟರ್ ನಂಬರು, ಹಳೇ ಓಣಿ, ಕಸುಬು ಮೂರನ್ನೂ ಬರೆದರೆ ಬಾಗಲಕೋಟೆಯಂಥ ಊರಲ್ಲಿ ಯಾರು ಅಂತ ಗೊತ್ತಾಗಿಬಿಡುತ್ತದೆ. ಐಪಿಎಯಲ್ಲಿ ಒಬ್ಬೊಬ್ಬರ ಬಗ್ಗೆ ಪುಟಗಟ್ಟಲೆ ಬರೆಯುವುದರಿಂದ ಈ ಅಪಾಯ ಇನ್ನೂ ಜಾಸ್ತಿ.

ಯಾವುದು ಮೊದಲು?

ಆಳದ್ದು ಮೊದಲು, ಹರವಿನದ್ದು ಆಮೇಲೆ. ಇದು ನನ್ನ ಸಲಹೆ, ಎಲ್ಲರೂ ಒಪ್ಪಬೇಕಾಗಿಲ್ಲ. 16 ಸಂದರ್ಶನಗಳ ಥೀಮು ತಲೆಯಲ್ಲಿ ತುಂಬಿಕೊಂಡ ಮೇಲೆ ಒಬ್ಬಾಕೆಯ ಮಾತನ್ನು ಹೊಸದಾಗಿ ಓದುವುದು ಆಗುವುದಿಲ್ಲ, ಕಣ್ಣು ಆ ಥೀಮುಗಳನ್ನೇ ಹುಡುಕುತ್ತಿರುತ್ತದೆ. ಹಾಗಾಗಿ ನಾಲ್ವರ ಐಪಿಎ ಮುಗಿಸಿ, ಬರೆದು, ಫೋಲ್ಡರ್ ಮುಚ್ಚಿ, ಒಂದೆರಡು ವಾರ ಬಿಟ್ಟು ಎಲ್ಲರ ಮೇಲೆ ಥೀಮ್ ವಿಶ್ಲೇಷಣೆ ಶುರು ಮಾಡಿ. ಡಿಸ್ಕೋರ್ಸ್ ಇದ್ದರೆ ಅದು ಕೊನೆಗೆ. ಅದರ ಕಣ್ಣು ಒಮ್ಮೆ ಬಂತು ಅಂದರೆ ಎಲ್ಲ ಮಾತೂ ತಂತ್ರದಂತೆ ಕಾಣಲು ಶುರುವಾಗುತ್ತದೆ, ಐಪಿಎಗೆ ಬೇಕಾದ ನಂಬಿಕೆ ಹೊರಟುಹೋಗುತ್ತದೆ.

ಪ್ರತಿ ವಿಧಾನಕ್ಕೂ ಬೇರೆ ಫೋಲ್ಡರ್, ಬೇರೆ ಕೋಡ್ ಪಟ್ಟಿ. ಟಿಪ್ಪಣಿ ಪುಸ್ತಕ ಮಾತ್ರ ಒಂದೇ, ತಾರೀಖು ಹಾಕಿ ಬರೆಯುತ್ತ ಹೋಗಿ. ಐಪಿಎ ಮಾಡುವಾಗ "ಇದು ಎಲ್ಲರಲ್ಲೂ ಇದೆಯಲ್ಲ" ಅನ್ನಿಸಿದರೆ ಪುಸ್ತಕದಲ್ಲಿ ಗೀಚಿ ಮುಂದೆ ಹೋಗಿ.

ಒಂದು ತುಣುಕು, ಮೂರು ಓದು

ವಯಸ್ಸಾದ ಹೆಣ್ಣುಮಗಳೊಬ್ಬಳು ಹೀಗೆ ಹೇಳುತ್ತಾಳೆ ಅಂದುಕೊಳ್ಳಿ:

"ಹಳೇ ಊರಾಗ ಬಾಗಲಾ ತೆಗದ್ರ ಮಂದಿ ಕಾಣ್ತಿದ್ರು. ಇಲ್ಲಿ ಮನಿ ದೊಡ್ಡದೈತಿ, ರಸ್ತೆ ದೊಡ್ಡದೈತಿ, ಏನೂ ಕಮ್ಮಿ ಇಲ್ರಿ. ಆದ್ರ ಮುಂಜಾನಿ ಎದ್ದ ಕೂಡ್ಲೆ ಎಲ್ಲಿ ಅದೀನಿ ಅನ್ನಸ್ತೈತಿ. ನೀರು ಬಂತು, ಊರು ಹೋತು. ಸರಕಾರದವ್ರು ಮನಿ ತಗೊಂಡ್ರು, ರೊಕ್ಕಾ ಕೊಟ್ರು. ನಾವೂ ಕೊಟ್ವಿ ಅನ್ರಿ, ನಾಡಿಗೆ ನೀರು ಬೇಕಲ್ಲ."

ಥೀಮ್ ವಿಶ್ಲೇಷಣೆಯಲ್ಲಿ ಕೋಡ್ ಹಾಕುತ್ತೀರಿ: ಬಾಗಿಲಲ್ಲೇ ಮಂದಿ, ಸೌಲಭ್ಯ ಸಿಕ್ಕಿತು, ನಾಡಿಗಾಗಿ ತ್ಯಾಗ. ಉಳಿದವರ ಮಾತಿನ ಜೊತೆ ಇಟ್ಟು ನೋಡಿದಾಗ "ಮನೆ ದೊಡ್ಡದಾಯಿತು, ಓಣಿ ಇಲ್ಲವಾಯಿತು" ಅನ್ನುವ ಥೀಮ್ ಮೂಡಬಹುದು. ಗಮನಿಸಿ, ಇದು ಒಂದು ಮಾತು ಹೇಳುತ್ತದೆ. "ನೆರೆಹೊರೆ" ಅಂತಷ್ಟೇ ಹೆಸರಿಟ್ಟರೆ ಅದು ಥೀಮ್ ಅಲ್ಲ, ವಿಷಯದ ತಲೆಬರಹ. ಬ್ರಾನ್ ಮತ್ತು ಕ್ಲಾರ್ಕ್ ಮತ್ತೆ ಮತ್ತೆ ಹೇಳುವುದು ಇದನ್ನೇ.

ಐಪಿಎ ಓದು ನಿಲ್ಲುವುದು "ಎಲ್ಲಿ ಅದೀನಿ" ಅನ್ನುವಲ್ಲಿ. ಎದ್ದ ಕೂಡಲೇ, ಯೋಚನೆ ಶುರುವಾಗುವ ಮೊದಲು, ಮೈಗೆ ಜಾಗ ಗೊತ್ತಾಗುತ್ತಿಲ್ಲ. ಇಷ್ಟು ವರ್ಷ ಕಳೆದ ಮೇಲೂ "ಅನ್ನಸ್ತೈತಿ" ಅಂತ ಈಗಿನ ಮಾತಾಗಿಯೇ ಹೇಳುತ್ತಾಳೆ. ಅಂಚಿನಲ್ಲಿ ಮೂರು ಬಗೆಯ ಟಿಪ್ಪಣಿ ಬರೆಯಿರಿ: ಏನು ಹೇಳಿದಳು, ಹೇಗೆ ಹೇಳಿದಳು, ಇದರಿಂದ ಏನು ಪ್ರಶ್ನೆ ಹುಟ್ಟುತ್ತದೆ. ಆಮೇಲೆ ಆಕೆಯ ಇಡೀ ಸಂದರ್ಶನದಲ್ಲಿ ಈ ದಿಕ್ಕು ತಪ್ಪುವಿಕೆ ಇನ್ನೆಲ್ಲಿ ಬರುತ್ತದೆ ಹುಡುಕಿ. ಒಬ್ಬಳದನ್ನು ಮುಗಿಸಿದ ಮೇಲೆಯೇ ಎರಡನೆಯವಳ ಹತ್ತಿರ ಹೋಗಬೇಕು.

ಡಿಸ್ಕೋರ್ಸ್ ಓದು ಕ್ರಿಯಾಪದಗಳ ಹಿಂದೆ ಬೀಳುತ್ತದೆ. ನೀರು ಬಂತು, ಊರು ಹೋತು: ಮಾಡಿದವರು ಯಾರೂ ಇಲ್ಲ. ತಗೊಂಡ್ರು: ಈಗ ಸರ್ಕಾರ ಮಾಡಿತು. ಕೊಟ್ವಿ: ಈಗ ಮಾಡಿದವರು ನಾವೇ, ಕಳೆದುಕೊಂಡವರಲ್ಲ, ಕೊಟ್ಟವರು. ಕೆಲವೇ ಮಾತಿನಲ್ಲಿ ಹೊಣೆ ಮೂರು ಕಡೆ ಓಡಾಡಿತು. ಯಾಕೆ? "ಏನೂ ಕಮ್ಮಿ ಇಲ್ರಿ" ಅನ್ನುವುದು ದೂರು ಹೇಳುವ ಮೊದಲು ಬರುತ್ತದೆ, ಕೇಳುವವರು ತನ್ನನ್ನು ಗೊಣಗುವವಳು ಅಂದುಕೊಳ್ಳದಿರಲಿ ಅಂತ. "ಅನ್ರಿ" ಅಂತ ನಿಮ್ಮ ಒಪ್ಪಿಗೆಯನ್ನೂ ಕೇಳುತ್ತಾಳೆ. ಎದುರಿಗೆ ರೆಕಾರ್ಡರ್ ಹಿಡಿದು ನೀವು ಕೂತಿದ್ದೀರಿ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಎದುರು ಬದುರು ಕೂರಿಸುವುದು

ಎಲ್ಲರೂ ಹಾರಿಬಿಡುವ ಹಂತ ಇದು, ನಿಜವಾದ ಕೆಲಸವೂ ಇಲ್ಲೇ ಇದೆ.

ಒಂದು ದೊಡ್ಡ ಡ್ರಾಯಿಂಗ್ ಶೀಟ್ ತನ್ನಿ. ಎಡಕ್ಕೆ ಐಪಿಎ ಕೊಟ್ಟದ್ದು, ಬಲಕ್ಕೆ ಥೀಮ್ ವಿಶ್ಲೇಷಣೆ ಕೊಟ್ಟದ್ದು. ಪ್ರತಿಯೊಂದಕ್ಕೂ ಆಧಾರವಾದ ಮಾತಿನ ಸಾಲು ನಂಬರ್ ಬರೆಯಿರಿ, ಎರಡೂ ವಿಧಾನ ಒಂದೇ ಸಾಲಿನ ಮೇಲೆ ನಿಂತಿವೆಯಾ ಬೇರೆ ಬೇರೆ ಸಾಲಿನ ಮೇಲಾ ಅನ್ನುವುದು ಆಗ ಕಣ್ಣಿಗೆ ಬೀಳುತ್ತದೆ. ಆಮೇಲೆ ಒಂದೊಂದನ್ನೇ ಹಿಡಿದು ಕೇಳಿ: ಇವು ಒಂದೇ ಮಾತು ಹೇಳುತ್ತಿವೆಯಾ, ಒಂದು ಇನ್ನೊಂದನ್ನು ಬೆಳೆಸುತ್ತಿದೆಯಾ, ಒಂದು ಮಾತಾಡುವಲ್ಲಿ ಇನ್ನೊಂದು ಮೌನವಾಗಿದೆಯಾ, ಇಲ್ಲ ಜಗಳಕ್ಕೆ ನಿಂತಿವೆಯಾ?

ಒಂದೇ ಮಾತು ಹೇಳಿದರೆ ಬಹಳ ಹಿಗ್ಗಬೇಡಿ. ಎರಡೂ ಸಲ ಓದಿದವರು ನೀವೇ, ಅದೇ ತಲೆ, ಅದೇ ಊರಿನ ತಿಳಿವಳಿಕೆ. "ಎರಡು ವಿಧಾನದಿಂದ ಸಾಬೀತಾಯಿತು" ಅಂತ ಬರೆಯಬೇಡಿ. ಸಂಶೋಧಕ ಡೆನ್ಜಿನ್ ಹೇಳಿದ ಟ್ರಯಾಂಗ್ಯುಲೇಶನ್ (ಒಂದನ್ನೇ ಹಲವು ವಿಧಾನದಿಂದ ತಾಳೆ ನೋಡುವುದು) ಅನ್ನುವ ಪದವನ್ನು ಇಲ್ಲಿ ಹಾಕುವ ಆಸೆ ಬರುತ್ತದೆ, ತಡೆದುಕೊಳ್ಳಿ. ಒಂದೇ ಸತ್ಯಕ್ಕೆ ಎರಡು ಕಡೆಯಿಂದ ಗುರಿ ಇಡುವುದು ನಿಮ್ಮ ಉದ್ದೇಶ ಆಗಿರಲಿಲ್ಲ ಅಲ್ವಾ?

ಜಗಳ ಬಂದರೆ ಅದನ್ನು ಜೋಪಾನ ಮಾಡಿ. ಒಂದು ಸಾಧ್ಯತೆ ಹೇಳುತ್ತೇನೆ. 16 ಜನರ ಮೇಲೆ "ಓಣಿ ಇಲ್ಲವಾಯಿತು" ಗಟ್ಟಿ ಥೀಮ್ ಆಗಿ ಬಂದಿದೆ. ಐಪಿಎಯ ನಾಲ್ವರಲ್ಲಿ ಒಬ್ಬಾಕೆ ಮಾತ್ರ ಹಳೇ ಊರಿನ ಕೂಡು ಕುಟುಂಬದ ಇಕ್ಕಟ್ಟಿನ ಮನೆಗೆ ಸೊಸೆಯಾಗಿ ಬಂದವಳು, ಬಾಗಿಲು ತೆರೆದರೆ ಕಾಣುವ ಮಂದಿ ಆಕೆಗೆ ಕಾವಲಿನ ಕಣ್ಣುಗಳಾಗಿದ್ದರು, ನವನಗರದಲ್ಲೇ ಮೊದಲ ಸಲ ತನ್ನ ಬಾಗಿಲು ತಾನು ಹಾಕಿಕೊಂಡಳು. ಆಕೆಯೂ ಥೀಮ್ ವಿಶ್ಲೇಷಣೆಯಲ್ಲಿ "ಮೊದಲಿನ ಹಂಗ ಮಂದಿ ಇಲ್ಲ" ಅಂದಿದ್ದಾಳೆ, ನೀವು ಅದನ್ನು ಕಳೆದುಕೊಂಡ ದುಃಖ ಅಂತ ಕೋಡ್ ಮಾಡಿದ್ದೀರಿ. ಈಗ ಆಕೆಯೂ ಉಳಿದವರೂ ಒಂದೇ ಮಾತು ಆಡಿದರೂ ಅದರ ಭಾರ ಒಂದೇ ಅಲ್ಲ ಅನ್ನುವುದು ತಿಳಿಯಿತು. ಇನ್ನುಳಿದ 12 ಸಂದರ್ಶನಕ್ಕೆ ಹಿಂದಿರುಗಿ, ಸೊಸೆಯರಾಗಿ ಬಂದವರ ಮಾತನ್ನು ಮತ್ತೆ ಓದಿ, ಥೀಮ್ ಒಡೆಯಬೇಕಾದರೆ ಒಡೆಯಿರಿ. ಹೀಗೆ ಹಿಂದಿರುಗಿದ್ದನ್ನು ಪ್ರಬಂಧದಲ್ಲಿ ಹೇಳಿ, ಮುಚ್ಚಿಡುವಂಥದ್ದಲ್ಲ.

ಐಪಿಎ ಮತ್ತು ಡಿಸ್ಕೋರ್ಸ್ ಜಗಳ ಬೇರೆ ತರಹದ್ದು. "ಎಲ್ಲಿ ಅದೀನಿ" ಅನ್ನುವುದು ಅನುಭವವೋ, ಕೇಳುವವರ ಮನ ಕರಗಿಸುವ ಮಾತೋ? ಇದನ್ನು ಇತ್ಯರ್ಥ ಮಾಡಲು ಹೋಗಬೇಡಿ, ಏಕೆಂದರೆ ಎರಡು ವಿಧಾನ ಕೇಳುವ ಪ್ರಶ್ನೆಯೇ ಬೇರೆ. ಹೀಗೆ ಬರೆಯಬಹುದು: ಅನುಭವದ ಓದಿನಲ್ಲಿ ಇದು ಮೈಗೆ ಜಾಗ ತಪ್ಪಿದ್ದು, ಮಾತಿನ ಓದಿನಲ್ಲಿ ಇದು ಯಾರನ್ನೂ ಬೈಯದೆ ನಷ್ಟ ಹೇಳುವ ದಾರಿ. ಸರ್ಕಾರವನ್ನು ದೂರಿದರೆ ಪರಿಹಾರಕ್ಕೆ ತೊಂದರೆ ಅನ್ನುವ ಅಂಜಿಕೆ ಇರುವಲ್ಲಿ, ಹೇಳಿಕೊಳ್ಳಬಹುದಾದ ದುಃಖ ಅಂದರೆ ಮೈಯ ದುಃಖ ಮಾತ್ರ ಆಗಿರಬಹುದು. ಈ ಕೊನೆಯ ವಾಕ್ಯ ಎರಡು ಓದು ಕೂಡಿದ್ದರಿಂದ ಬಂದದ್ದು, ಒಂದೇ ವಿಧಾನ ಕೊಡುತ್ತಿರಲಿಲ್ಲ. ಇಂಥ ಎರಡು ಮೂರು ವಾಕ್ಯ ಸಿಕ್ಕರೆ ನಿಮ್ಮ ಜೋಡಣೆಗೆ ಅರ್ಥ ಬಂತು. ಒಂದೂ ಸಿಗದಿದ್ದರೆ ಒಂದು ವಿಧಾನವನ್ನು ಕೈಬಿಟ್ಟು ಉಳಿದದ್ದನ್ನು ಚೆನ್ನಾಗಿ ಬರೆಯಿರಿ, ನಷ್ಟವೇನೂ ಇಲ್ಲ.

ಬರೆಯುವುದು, ವೈವಾ

ಫಲಿತಾಂಶಕ್ಕೆ ಮೂರು ಅಧ್ಯಾಯ: ಒಂದು ವಿಧಾನ, ಇನ್ನೊಂದು ವಿಧಾನ, ಎರಡೂ ಕೂಡಿದ್ದು. ಮೂರನೆಯದು ಚಿಕ್ಕದಾದರೂ ಪರವಾಗಿಲ್ಲ, ಇರಲೇಬೇಕು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2018ರಲ್ಲಿ ಗುಣಾತ್ಮಕ ಸಂಶೋಧನೆಯ ವರದಿಗೆ ಮಾನದಂಡ ಹೊರತಂದಿದೆ, ಬರೆಯುವ ಮೊದಲು ಅದನ್ನು ಪಕ್ಕಕ್ಕಿಟ್ಟುಕೊಳ್ಳಿ. ನೀವು ಯಾರು ಅನ್ನುವುದನ್ನೂ ಬರೆಯಿರಿ. ನಿಮ್ಮ ಮನೆಯೂ ಮುಳುಗಡೆಗೆ ಹೋಗಿದ್ದರೆ ಅದು ಓದುಗರಿಗೆ ಗೊತ್ತಿರಬೇಕು.

ವೈವಾದಲ್ಲಿ "ಇಂಟರ್‌ಕೋಡರ್ ರಿಲಯಬಿಲಿಟಿ ಎಷ್ಟು, ಕಪ್ಪಾ ಎಲ್ಲಿ?" ಅಂತ ಕೇಳಿಯೇ ಕೇಳುತ್ತಾರೆ. ಇಬ್ಬರು ಬೇರೆ ಬೇರೆಯಾಗಿ ಕೋಡ್ ಹಾಕಿದರೆ ಎಷ್ಟು ಹೊಂದುತ್ತದೆ ಅನ್ನುವುದೇ ಆ ರಿಲಯಬಿಲಿಟಿ, ಕಪ್ಪಾ ಅದನ್ನು ಅಳೆಯುವ ಒಂದು ಅಂಕಿ. ಅಂಕಿ ಸಂಖ್ಯೆಯ ಸಂಶೋಧನೆ ಮಾಡಿ ಬಂದವರಿಗೆ ಅದು ಸಹಜ ಪ್ರಶ್ನೆ. ಗಾಬರಿಯಾಗಿ ಒಂದು ಕಪ್ಪಾ ಲೆಕ್ಕ ಹಾಕಿ ತೋರಿಸಬೇಡಿ. ಬ್ರಾನ್ ಮತ್ತು ಕ್ಲಾರ್ಕ್ ತಮ್ಮ ರಿಫ್ಲೆಕ್ಸಿವ್ (ಓದುವವರ ದೃಷ್ಟಿಯನ್ನೂ ವಿಶ್ಲೇಷಣೆಯ ಭಾಗವಾಗಿ ಒಪ್ಪುವ) ಥೀಮ್ ವಿಶ್ಲೇಷಣೆಗೆ ಆ ಅಳತೆ ಹೊಂದುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ, ಐಪಿಎಯಲ್ಲೂ ಅದಕ್ಕೆ ಜಾಗ ಇಲ್ಲ. ಅದರ ಬದಲು ತಾರೀಖು ಹಾಕಿದ ಟಿಪ್ಪಣಿ ಪುಸ್ತಕ, ಒಡೆದ ಥೀಮಿನ ಹಳೇ ರೂಪ ಮತ್ತು ಹೊಸ ರೂಪ, ಸಾಲು ನಂಬರ್ ಇರುವ ಆ ಡ್ರಾಯಿಂಗ್ ಶೀಟು ಮೇಜಿನ ಮೇಲಿಡಿ. "ಬರೀ ನಾಲ್ಕು ಜನರಾ?" ಅಂದರೆ, ನಾಲ್ವರಿಗೆ ಕೇಳಿದ ಪ್ರಶ್ನೆ ಯಾವುದು, 16 ಜನರಿಗೆ ಕೇಳಿದ್ದು ಯಾವುದು ಅಂತ ಮೊದಲ ದಿನ ಬರೆದ ಹಾಳೆ ತೋರಿಸಿ.